ತೊಳೆಯುವ ಮೊದಲು ಕರೆಯಿರಿ

ಮಾರ್ಚ್ 4, 2025, ಮಂಗಳವಾರ

ಮಧ್ಯಾಹ್ನ ನಮ್ಮ ಪನೀರ್ ಕಾರ್ಖಾನೆಯಲ್ಲಿ ಹೊಸಬರಿಗೆ ಟ್ರೈನಿಂಗ್ ಇತ್ತು. ಕೈ ತೊಳೆಯೋದು, ಕ್ಯಾಪ್ ಹಾಕೋದು, ಉಂಗುರ ತೆಗೆಯೋದು ಅನ್ನೋ ಹಳೇ ಸ್ಲೈಡುಗಳನ್ನೇ ಹಾಕಿದರೆ ಊಟ ಆದ ಮೇಲೆ ಅರ್ಧ ಜನ ತೂಕಡಿಸುತ್ತಾರೆ. ತಾರೀಕು ನೋಡಿದಾಗ ಬೇರೆ ವಿಷಯ ಸಿಕ್ಕಿತು. 2018ರ ಇದೇ ಮಾರ್ಚ್ 4, ಅವತ್ತು ಭಾನುವಾರ. ದಕ್ಷಿಣ ಆಫ್ರಿಕಾದ ಆರೋಗ್ಯ ಸಚಿವರಾಗಿದ್ದ ಆರನ್ ಮೊಟ್ಸೊಅಲೇಡಿ ಪತ್ರಕರ್ತರ ಮುಂದೆ ಕೂತು, ಒಂದು ವರ್ಷದಿಂದ ದೇಶವನ್ನು ಕಾಡುತ್ತಿದ್ದ ಲಿಸ್ಟೀರಿಯಾ ಅನ್ನೋ, ಆಹಾರದಿಂದ ಹರಡುವ ಬ್ಯಾಕ್ಟೀರಿಯಾದ ಮೂಲ ಪೊಲೊಕ್ವಾನೆಯಲ್ಲಿರುವ ಎಂಟರ್‌ಪ್ರೈಸ್ ಫುಡ್ಸ್ ಕಾರ್ಖಾನೆ ಅಂತ ಹೆಸರು ಹಿಡಿದು ಹೇಳಿದ ದಿನ. ಸ್ಲೈಡ್ ಮುಚ್ಚಿ ಅದನ್ನೇ ಹೇಳಿದೆ.

ಮೊದಲು ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಪೊಲೋನಿ ಅಂದರೇನು ಅಂತ ವಿವರಿಸಬೇಕಾಯಿತು. ನುಣ್ಣಗೆ ಅರೆದ ಮಾಂಸವನ್ನು ದಪ್ಪ ಕೊಳವೆಯಂಥ ಕವಚದಲ್ಲಿ ತುಂಬಿ ಬೇಯಿಸಿದ, ಗುಲಾಬಿ ಬಣ್ಣದ ಸಾಸೇಜ್. ಅಗ್ಗ. ಬಿಲ್ಲೆ ಕತ್ತರಿಸಿ ಬ್ರೆಡ್ಡಿನ ಮಧ್ಯೆ ಇಟ್ಟರೆ ಊಟ ಆಯಿತು. ಬಡವರ ಮನೆಯ ತಿನಿಸು, ಮಕ್ಕಳ ಡಬ್ಬಿಯ ತಿನಿಸು. ಮತ್ತೆ ಬಿಸಿ ಮಾಡುವ ರೂಢಿಯೇ ಇಲ್ಲ, ಅಲ್ಲೇ ಇರೋದು ಅಪಾಯ. ಲಿಸ್ಟೀರಿಯಾ ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ, ಆದರೆ ಫ್ರಿಜ್‌ನ 4 ಡಿಗ್ರಿಯಲ್ಲೂ ಆರಾಮಾಗಿ ಬೆಳೆಯುತ್ತದೆ. ಬೆಂದ ಮೇಲೆ, ಕತ್ತರಿಸುವಾಗಲೋ ಪ್ಯಾಕ್ ಮಾಡುವಾಗಲೋ ಒಳಗೆ ಸೇರಿಕೊಂಡರೆ, ಬೇರೆ ಬಹಳಷ್ಟು ಬ್ಯಾಕ್ಟೀರಿಯಾಗಳು ಚಳಿಗೆ ಮುದುಡಿ ಕೂತಿರುವಾಗ ಇದಕ್ಕೆ ಹೆಚ್ಚು ಪೈಪೋಟಿ ಇರುವುದಿಲ್ಲ.

"ಅಷ್ಟು ದಿನ ಯಾಕೆ ಬೇಕಾಯ್ತು ಮೇಡಂ?" ಅಂತ ಒಬ್ಬ ಹುಡುಗ ಕೇಳಿದ. ನಾನು ತಿರುಗಿ ಕೇಳಿದೆ: "ಜನವರಿ ಮೂರನೇ ವಾರ, ಗುರುವಾರ ರಾತ್ರಿ ಏನು ತಿಂದೆ ಹೇಳು." "ಅನ್ನ ಸಾರು" ಅಂದ. ಎಲ್ಲರೂ ನಕ್ಕರು. ಬ್ರ್ಯಾಂಡ್ ಯಾವುದು, ಯಾವ ಅಂಗಡಿ ಅಂತ ಕೇಳಿದರೆ ಯಾರ ಬಾಯಿಂದಲೂ ಉತ್ತರ ಬರಲ್ಲ. ಲಿಸ್ಟೀರಿಯಾ ದೇಹಕ್ಕೆ ಸೇರಿ ಕಾಯಿಲೆ ಕಾಣಿಸಿಕೊಳ್ಳಲು ಕೆಲವರಲ್ಲಿ 70 ದಿನದವರೆಗೂ ಹಿಡಿಯಬಹುದು. ಗರ್ಭಿಣಿಗೆ ಬರೀ ಸಣ್ಣ ಜ್ವರ ಬಂದು ಹೋಗಿರುತ್ತದೆ, ಪೆಟ್ಟು ಬೀಳುವುದು ಮಗುವಿಗೆ. ಅಲ್ಲಿ ಸತ್ತವರಲ್ಲಿ ಎಳೆಗೂಸುಗಳೇ ಬಹಳ. ಅಂಥ ತಾಯಿಯ ಹತ್ತಿರ ಹೋಗಿ ಎರಡು ತಿಂಗಳ ಹಿಂದೆ ಏನು ತಿಂದಿರಿ ಅಂತ ಕೇಳುವ ಕೆಲಸ ಯಾರಿಗೂ ಬೇಡ.

2017ರ ಜುಲೈನಲ್ಲಿ ನವಜಾತ ಶಿಶುಗಳ ವಾರ್ಡಿನ ವೈದ್ಯರೇ ಮೊದಲು ಎಚ್ಚರಿಸಿದ್ದು: ಲಿಸ್ಟೀರಿಯಾ ಕೇಸು ಯಾಕೋ ಜಾಸ್ತಿ ಬರ್ತಿವೆ ಅಂತ. ಡಿಸೆಂಬರ್ 5ಕ್ಕೆ ಸರ್ಕಾರ ಹಾವಳಿ ಎದ್ದಿದೆ ಅಂತ ಅಧಿಕೃತವಾಗಿ ಹೇಳಿತು. ಜೊಹಾನ್ಸ್‌ಬರ್ಗ್‌ನ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆ ರೋಗಿಗಳಿಂದ ಬಂದ ಬ್ಯಾಕ್ಟೀರಿಯಾಗಳ ಪೂರ್ತಿ ಜೀನೋಮ್, ಅಂದರೆ ಇಡೀ ಡಿಎನ್ಎ, ಓದಿಸಿತು. ಹತ್ತರಲ್ಲಿ ಒಂಬತ್ತು ಒಂದೇ ತಳಿ, ಎಸ್‌ಟಿ6. ಅಂದರೆ ಮೂಲ ಒಂದೇ ಕಡೆ ಇದೆ. ಎಲ್ಲಿ ಅಂತ ಮಾತ್ರ ಜೀನೋಮ್ ಹೇಳಲ್ಲ. ಹೋಲಿಸಿ ನೋಡೋದಕ್ಕೆ ಆಹಾರದಿಂದ ಬಂದ ಬ್ಯಾಕ್ಟೀರಿಯಾ ಕೈಯಲ್ಲಿರಬೇಕಲ್ಲ.

ಅದು ಸಿಕ್ಕಿದ ಬಗೆ ನನಗೆ ಇವತ್ತಿಗೂ ಮೈ ಜುಮ್ ಅನ್ನಿಸುತ್ತದೆ. 2018ರ ಜನವರಿ 12. ಸೊವೆಟೊದ ಒಂದು ಶಿಶುವಿಹಾರದಿಂದ ಐದು ವರ್ಷದೊಳಗಿನ ಒಂಬತ್ತು ಮಕ್ಕಳು ಜ್ವರ, ಭೇದಿ ಅಂತ ಕ್ರಿಸ್ ಹಾನಿ ಬಾರಾಗ್ವನಾಥ್ ಆಸ್ಪತ್ರೆಗೆ ಬಂದರು. ಭೇದಿಗೆ ಸಾಮಾನ್ಯವಾಗಿ ಮಾಡುವ ಮಲಪರೀಕ್ಷೆಯಲ್ಲಿ ಲಿಸ್ಟೀರಿಯಾವನ್ನು ಯಾರೂ ಹುಡುಕುವುದೇ ಇಲ್ಲ. ಅದಕ್ಕೇ ಅಂತ ಹುಡುಕಿದರೆ ಮಾತ್ರ ಸಿಗುತ್ತದೆ. ಅಲ್ಲಿದ್ದ ಮಕ್ಕಳ ವೈದ್ಯರಿಗೆ ಲಿಸ್ಟೀರಿಯಾ ಇದ್ದರೂ ಇರಬಹುದು ಅಂತ ಅನುಮಾನ ಬಂತು. ಅದೇ ದಿನ ಪರಿಸರ ಆರೋಗ್ಯ ಅಧಿಕಾರಿಗಳು ಶಿಶುವಿಹಾರಕ್ಕೆ ಹೋಗಿ ಅಲ್ಲಿದ್ದ ಎರಡು ಬೇರೆ ಬೇರೆ ಕಂಪನಿಗಳ ಪೊಲೋನಿಯ ಸ್ಯಾಂಪಲ್ ತಂದರು. ಮಾರನೇ ದಿನ ಹೋಗಿದ್ದರೆ? ಆ ಫ್ರಿಜ್ ಖಾಲಿಯಾಗಿರುತ್ತಿತ್ತೋ ಏನೋ. ಒಂದು ಮಗುವಿನ ಮಲದಲ್ಲಿ, ಎರಡೂ ಪೊಲೋನಿಗಳಲ್ಲಿ ಲಿಸ್ಟೀರಿಯಾ ಸಿಕ್ಕಿತು. ಜನವರಿ 27ಕ್ಕೆ ಮೂರೂ ಎಸ್‌ಟಿ6 ಅಂತ ಖಾತ್ರಿಯಾಯಿತು.

ಆ ಜಾಡು ಹಿಡಿದು ತಂಡ ಪೊಲೊಕ್ವಾನೆಗೆ ಹೋಯಿತು. ಜಿನೀವಾದಿಂದ ಬಂದಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಮೂವರು ತಜ್ಞರೂ ಜೊತೆಗಿದ್ದರು. ಕಾರ್ಖಾನೆಯ ಒಳಗೆಲ್ಲ ಸ್ವಾಬ್ (ಜಾಗವನ್ನು ಉಜ್ಜಿ ತೆಗೆಯುವ ಸ್ಯಾಂಪಲ್) ತೆಗೆದರೆ ಶೇಕಡಾ 30ಕ್ಕಿಂತ ಹೆಚ್ಚು ಕಡೆ ಲಿಸ್ಟೀರಿಯಾ ಮಾನೊಸೈಟೋಜಿನಸ್ (ಜನರಿಗೆ ಈ ರೋಗ ತರುವ ಲಿಸ್ಟೀರಿಯಾ), ಅದರಲ್ಲಿ ಕನಿಷ್ಠ 16 ಸ್ಯಾಂಪಲ್‌ಗಳಲ್ಲಿ ಅದೇ ಎಸ್‌ಟಿ6. ಸೆಪ್ಟೆಂಬರ್ 3ಕ್ಕೆ ಹಾವಳಿ ಮುಗಿಯಿತು ಅಂತ ಘೋಷಿಸುವ ಹೊತ್ತಿಗೆ ಖಚಿತವಾದ ಕೇಸುಗಳು 1,060, ಸಾವು 216.

ಶೇಕಡಾ 30 ಅಂದಾಗ ಹುಡುಗರ ಮುಖದಲ್ಲಿ ಏನೂ ಕಾಣಲಿಲ್ಲ. ಈ ಲೈನಿನಲ್ಲಿ ನಾಲ್ಕು ವರ್ಷ ಕಳೆದವರಿಗೆ ಮಾತ್ರ ಆ ನಂಬರ್ ಕೇಳಿ ಹೊಟ್ಟೆಯಲ್ಲಿ ಕಲಸುತ್ತದೆ.

ಸ್ವಾಬ್ ತೆಗೆಯುವವರಲ್ಲಿ ಎರಡು ಜಾತಿ. ರಾತ್ರಿ ಪೂರ್ತಿ ತೊಳೆದು, ಸ್ಯಾನಿಟೈಸರ್ ಹೊಡೆದು, ಇನ್ನೂ ಅದರ ವಾಸನೆ ಇರುವಾಗಲೇ ಪಳಪಳ ಸ್ಟೀಲ್ ಟೇಬಲ್ ಮೇಲೆ ಉಜ್ಜಿ, ಫೈಲಿಗೆ 'ಇಲ್ಲ, ಇಲ್ಲ, ಇಲ್ಲ' ಅಂತ ತುಂಬಿಸುವವರು ಒಂದು ಜಾತಿ. ಆಡಿಟರ್‌ಗೂ ಖುಷಿ, ಮ್ಯಾನೇಜ್‌ಮೆಂಟ್‌ಗೂ ಖುಷಿ. ಪ್ರೊಡಕ್ಷನ್ ಶುರುವಾಗಿ ಮೂರ್ನಾಲ್ಕು ಗಂಟೆ ಕಳೆದು, ಮಷೀನು ನಡುಗಿ ನಡುಗಿ ಸಂದಿಯ ನೀರೆಲ್ಲ ಹೊರಗೆ ಬಂದ ಮೇಲೆ ಬಗ್ಗಿ ಬೆಲ್ಟಿನ ಕೆಳಗೆ, ಬಾಗಿಲ ರಬ್ಬರಿನ ಮಡಿಕೆಯಲ್ಲಿ, ಮೋರಿಯ ಬಾಯಲ್ಲಿ ಸ್ಪಂಜು ತಿಕ್ಕುವವರು ಇನ್ನೊಂದು ಜಾತಿ. ಇವರನ್ನು ಕಂಡರೆ ಯಾರಿಗೂ ಆಗಲ್ಲ. ನಾನು ಎರಡನೆಯದು. ಅಪ್ರೈಸಲ್‌ನಲ್ಲಿ ಗೊತ್ತಾಗುತ್ತದೆ.

ಇವತ್ತೂ ಅದೇ ಆಯಿತು. ಶನಿವಾರ ಪನೀರ್ ಪ್ಯಾಕಿಂಗ್ ಕಡೆಯಿಂದ ತಂದ ಸ್ವಾಬ್‌ಗಳ ಪ್ಲೇಟು ಸಂಜೆ ನೋಡಿದೆ. ಕನ್ವೇಯರಿನ ಕಾಲಿನದು: ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಮೇಲೆ ಸಾಸಿವೆಗಿಂತ ಸಣ್ಣ ನೀಲಿ-ಹಸಿರು ಚುಕ್ಕೆಗಳು, ಸಾಲಾಗಿ. ಯಾವ ಚುಕ್ಕೆಯ ಸುತ್ತಲೂ ಮಸುಕು ವೃತ್ತ ಇಲ್ಲ. ವೃತ್ತ ಇದ್ದಿದ್ದರೆ ಮಾನೊಸೈಟೋಜಿನಸ್ ಅನುಮಾನ. ಇಲ್ಲದ್ದರಿಂದ ಬಹುಶಃ ರೋಗ ತರದ ಇನ್ನೊಂದು ಲಿಸ್ಟೀರಿಯಾ. ಪ್ರೊಡಕ್ಷನ್ ಹೆಡ್‌ಗೆ ಫೋನ್ ಮಾಡಿದೆ. "ಅದಲ್ಲ ತಾನೇ? ಮತ್ಯಾಕೆ ತಲೆ ಕೆಡಿಸ್ಕೋತೀರಿ, ರಿಪೋರ್ಟ್‌ನಲ್ಲಿ ಹಾಕ್ಬೇಡಿ ಬಿಡಿ" ಅಂದರು. ಪನೀರ್‌ನಲ್ಲಿ 25 ಗ್ರಾಂಗೆ ಮಾನೊಸೈಟೋಜಿನಸ್ ಇರಕೂಡದು ಅನ್ನೋದು ನಿಯಮ, ಪ್ರಾಡಕ್ಟ್ ಪಾಸಾಗಿದೆ, ಅಲ್ಲಿಗೆ ಅವರ ಲೆಕ್ಕ ಮುಗಿಯಿತು. ಒಂದು ಲಿಸ್ಟೀರಿಯಾ ಬೀಡು ಬಿಟ್ಟ ತಣ್ಣನೆ ಒದ್ದೆ ಜಾಗದಲ್ಲಿ ಇನ್ನೊಂದು ಬಂದು ಕೂರಲು ಯಾರ ಅಪ್ಪಣೆಯೂ ಬೇಕಿಲ್ಲ ಅಂದೆ. "ನೋಡೋಣ" ಅಂದರು. ನಮ್ಮಲ್ಲಿ 'ನೋಡೋಣ' ಅಂದರೆ ಆಡಿಟ್ ಮುಗಿದ ಮೇಲೆ.

ರಿಪೋರ್ಟ್‌ನಲ್ಲಿ ಹಾಕಿದೆ. ಆ ಕಾಲು ಟೊಳ್ಳು ಪೈಪು, ಬೋಲ್ಟ್ ಬಿಚ್ಚಿದ ತೂತು ಹಾಗೇ ಇದೆ. ದಿನಾ ತೊಳೆದ ನೀರು ಒಳಗಿಳಿದು ನಿಲ್ಲುತ್ತಿರಬೇಕು. ಪಕ್ಕದ ಮೋರಿಗೆ ಹೈ ಪ್ರೆಶರ್ ಹೋಸ್ ಬಿಡುವುದನ್ನೂ ನಿಲ್ಲಿಸಿ ಅಂತ ಬರೆದಿದ್ದೇನೆ, ಅದರ ತುಂತುರು ಸೀದಾ ಬೆಲ್ಟಿಗೆ ಹಾರುತ್ತದೆ. ಮೇಂಟೆನೆನ್ಸ್ ಸೂಪರ್‌ವೈಸರ್ ಒಳ್ಳೆಯವರು, ರಾತ್ರಿ ಪಾಳಿಯಲ್ಲಿ ಬಿಚ್ಚಿಸುತ್ತೇನೆ ಅಂದಿದ್ದಾರೆ. ಬಿಚ್ಚಿದ ಮೇಲೆ, ತೊಳೆಯುವ ಮೊದಲು, ಎಷ್ಟೇ ಹೊತ್ತಾಗಲಿ ನನಗೆ ಫೋನ್ ಮಾಡಿ ಅಂತ ಹೇಳಿದ್ದೇನೆ. ಸ್ಪಂಜು, ಬಾಟಲ್ ಎಲ್ಲ ಬ್ಯಾಗಿಗೆ ಹಾಕಿಟ್ಟಿದ್ದೇನೆ.