ಕಿವಿ ಕೇಳದವರಿಗೆ ಎಲ್ಲ ಭಾಷೆಯೂ ಒಂದೇ ಅಲ್ಲವೇ?

ದಾವಣಗೆರೆಯಲ್ಲಿ ದೇಣಿಗೆಗಾಗಿ ಯಾವ ಅಂಗಡಿಯ ಮೆಟ್ಟಿಲು ಹತ್ತಿದರೂ, ಮದುವೆಯ ಊಟದ ಪಂಕ್ತಿಯಲ್ಲಿ ಯಾರ ಪಕ್ಕ ಕುಳಿತರೂ ಈ ಪ್ರಶ್ನೆ ತಪ್ಪಿದ್ದಲ್ಲ: ‘ಕಿವಿಯೇ ಕೇಳದವರಿಗೆ ಎಲ್ಲ ಭಾಷೆಯೂ ಒಂದೇ ಅಲ್ಲವೇ ಸಾರ್? ಅವರಲ್ಲೂ ಲಂಬಾಣಿ, ಮುಸ್ಲಿಂ, ಹಕ್ಕಿಪಿಕ್ಕಿ ಎಂದು ಬೇರೆ ಮಾಡಿ ಒಂದು ಸಂಸ್ಥೆ ಬೇಕೇ?’

ನಾನು ಮತ್ತು ಕೆಲವು ಗೆಳೆಯರು ನಡೆಸುತ್ತಿರುವ ಪುಟ್ಟ ಸಂಸ್ಥೆ ಕನ್ನಡ ಮನೆಮಾತಲ್ಲದ ಕುಟುಂಬಗಳ ಕಿವುಡರೊಂದಿಗೆ ಕೆಲಸ ಮಾಡುತ್ತದೆ. ನ್ಯಾಮತಿ ಕಡೆಯ ತಾಂಡಾಗಳು, ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಕಾಲೊನಿಗಳು, ನಗರದ ಆಜಾದ್ ನಗರ, ಬಾಷಾ ನಗರ ನಾವು ಹೆಚ್ಚಾಗಿ ಓಡಾಡುವ ಜಾಗಗಳು. ಪ್ರಶ್ನೆ ಕೇಳುವವರಲ್ಲಿ ಕೆಲವರಿಗೆ ನಿಜವಾದ ಕುತೂಹಲವಿರುತ್ತದೆ. ಇನ್ನು ಕೆಲವರಿಗೆ ನಮ್ಮ ಹಿಂದೆ ಯಾವ ಪಕ್ಷವಿದೆ ಎಂದು ತಿಳಿಯಬೇಕಿರುತ್ತದೆ. ಅವರಿಗೆ ಚಹಾ ಕುಡಿಸಿ ಕಳಿಸುತ್ತೇನೆ. ಈ ಬರಹ ಮೊದಲಿನವರಿಗೆ.

ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ ಎಂದು ಮೊದಲೇ ಒಪ್ಪಿಬಿಡುತ್ತೇನೆ. ಭಾನುವಾರ ಸಂಜೆ ಹೈಸ್ಕೂಲ್ ಮೈದಾನದ ಬಳಿ ಸೇರುವ ಕಿವುಡ ಹುಡುಗರನ್ನು ನೋಡಬೇಕು. ಗ್ಯಾರೇಜಿನಲ್ಲಿ ದುಡಿಯುವವನು, ಟೈಲರ್, ಮಂಡಕ್ಕಿ ಭಟ್ಟಿಯಿಂದ ನೇರ ಬಂದವನು ಎಲ್ಲರ ಕೈಗಳೂ ಪಟಪಟನೆ ಓಡುತ್ತಿರುತ್ತವೆ. ಒಬ್ಬ ತನ್ನ ಮಾಲೀಕನ ನಡಿಗೆಯನ್ನು ಅಣಕಿಸಿದರೆ ಉಳಿದವರು ಬಿದ್ದು ಬಿದ್ದು ನಗುತ್ತಾರೆ. ಯಾರ ಮನೆಯಲ್ಲಿ ಯಾವ ಮಾತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಕೇಳುವ ಅಗತ್ಯವೂ ಇಲ್ಲ. ಕಿವುಡರು ಕಿವುಡರ ನಡುವೆ ಇರುವಾಗ ನಮ್ಮ ಸಂಸ್ಥೆಗೆ ಕೆಲಸವೇ ಇಲ್ಲ.

ತೊಡಕೆಲ್ಲ ಅವರು ಮನೆಗೆ ಹೋದ ಮೇಲಿನದು. ಬಹುಪಾಲು ಕಿವುಡ ಮಕ್ಕಳು ಹುಟ್ಟುವುದು ಕಿವಿ ಕೇಳುವ ತಂದೆತಾಯಿಗೇ. ಆ ತಾಯಿಗೆ ಒಂದು ಭಾಷೆ ಇದೆ. ಕಿವಿ ಪರೀಕ್ಷೆ ಮಾಡುವವರು, ಯಂತ್ರ ಕೊಡುವವರು, ಮಾತಿನ ತರಬೇತಿ ನೀಡುವವರು, ಅರ್ಜಿ ತುಂಬಿಸಿಕೊಳ್ಳುವವರು ಎಲ್ಲರೂ ಇನ್ನೊಂದು ಭಾಷೆಯಲ್ಲಿ ಹೇಳುತ್ತಾರೆ. ಆಕೆ ತಲೆಯಾಡಿಸಿ ಬರುತ್ತಾಳೆ. ಸಂತೆಯಲ್ಲಿ ವ್ಯಾಪಾರಕ್ಕೆ ಸಾಲುವಷ್ಟು ಕನ್ನಡ, ವೈದ್ಯರು ಹೇಳಿದ್ದನ್ನು ಮನೆಯಲ್ಲಿ ಅತ್ತೆಗೆ ವಿವರಿಸಲು ಸಾಲುವುದಿಲ್ಲ.

ಶ್ರವಣ ಯಂತ್ರದ ವಿಷಯವನ್ನೇ ನೋಡಿ. ಕೊಟ್ಟ ಫೋಟೊ ಪತ್ರಿಕೆಯಲ್ಲಿ ಬಂದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಕಿವಿಯೊಳಗೆ ಕೂರುವ ಅಚ್ಚು ಮಗುವಿನ ಕಿವಿ ಬೆಳೆದಂತೆ ಸಡಿಲವಾಗುತ್ತದೆ, ಆಗ ಯಂತ್ರ ಕುಂಯ್ ಎಂದು ಕೂಗತೊಡಗುತ್ತದೆ. ಪುಟ್ಟ ಮಗುವಿಗೆ ಕೆಲವು ತಿಂಗಳಿಗೊಮ್ಮೆ ಹೊಸ ಅಚ್ಚು ತೆಗೆಸಬೇಕು. ಗುಂಡಿಯಂಥ ಬ್ಯಾಟರಿ ಒಂದೆರಡು ವಾರಕ್ಕೆ ಮುಗಿಯುತ್ತದೆ. ಬೆವರು, ತೇವ ತಾಗಿದರೆ ಯಂತ್ರವೇ ಹಾಳು. ಇದನ್ನೆಲ್ಲ ತಾಯಿಗೆ ಅವಳ ಮಾತಿನಲ್ಲಿ ಹೇಳದಿದ್ದರೆ ಏನಾಗುತ್ತದೆ? ಒಂದು ತಾಂಡಾದಲ್ಲಿ ನಾವು ಯಂತ್ರ ಎಲ್ಲಿ ಎಂದು ಕೇಳಿದಾಗ ಅಜ್ಜಿ ಟ್ರಂಕಿನ ಬೀಗ ತೆಗೆದರು. ಒಳಗೆ ರೇಷ್ಮೆ ಕುಪ್ಪಸ, ಜಮೀನಿನ ಪಹಣಿ, ಅವುಗಳ ನಡುವೆ ಕಸೂತಿಯ ಬಟ್ಟೆಯಲ್ಲಿ ಸುತ್ತಿದ ಶ್ರವಣ ಯಂತ್ರ. ಬೆಲೆಬಾಳುವ ವಸ್ತು, ಮಗು ಕಳೆದೀತು ಎಂಬ ಭಯ. ದಿನವಿಡೀ ಹಾಕಿಕೊಂಡಿದ್ದರೆ ಮಾತ್ರ ಪ್ರಯೋಜನ ಎಂದು ಅವರಿಗೆ ಲಂಬಾಣಿಗರ ಮನೆಮಾತಾದ ಗೋರ್‌ಬೋಲಿಯಲ್ಲಿ ಹೇಳಿದ್ದು ನಮ್ಮ ತಂಡದ ಲಂಬಾಣಿ ಹೆಣ್ಣುಮಗಳು. ಅವಳ ಅಣ್ಣನೂ ಕಿವುಡ. ಅರ್ಧ ಗಂಟೆ ಅಜ್ಜಿಯೂ ಅವಳೂ ಜಗಳವಾಡುವಂತೆ ಮಾತಾಡಿದರು, ಬಳಿಕ ಟ್ರಂಕು ಮುಚ್ಚಿತು, ಯಂತ್ರ ಹೊರಗೆ ಉಳಿಯಿತು.

ತಾಂಡಾದವರು ಕಾಫಿ ಕೊಯ್ಲಿಗೆ ಚಿಕ್ಕಮಗಳೂರಿನ ಕಡೆ, ಕಬ್ಬು ಕಡಿಯಲು ಬೇರೆ ಜಿಲ್ಲೆಗಳಿಗೆ ಗುಳೆ ಹೋಗುತ್ತಾರೆ. ಶಿಬಿರದ ದಿನಾಂಕ ನಿಗದಿ ಮಾಡುವವರಿಗೆ ಇದು ನೆನಪಿರುವುದಿಲ್ಲ. ಬೀಗ ಹಾಕಿದ ಮನೆಗಳ ಮುಂದೆ ಬ್ಯಾನರ್ ಕಟ್ಟಿ ‘ಜನರಲ್ಲಿ ಜಾಗೃತಿ ಇಲ್ಲ’ ಎಂದು ವರದಿ ಬರೆಯುತ್ತಾರೆ. ಹೀಗೆ ಒಂದೆರಡು ಹಂಗಾಮು ಜಾರಿದರೆ ಮಗುವಿನ ವಯಸ್ಸೂ ಜಾರುತ್ತದೆ. ಹುಟ್ಟು ಕಿವುಡು ಮಕ್ಕಳ ಕಾಕ್ಲಿಯರ್ ಇಂಪ್ಲಾಂಟ್ (ಒಳಗಿವಿಯಲ್ಲಿ ಅಳವಡಿಸುವ ಶ್ರವಣ ಸಾಧನ) ಶಸ್ತ್ರಚಿಕಿತ್ಸೆಗೆ ಅಂಗವಿಕಲರಿಗೆ ಸಾಧನ ಸಲಕರಣೆ ಒದಗಿಸುವ ಕೇಂದ್ರದ ಎಡಿಐಪಿ ಯೋಜನೆ ನೆರವು ಕೊಡುತ್ತದೆ, ಆದರೆ ಐದು ವರ್ಷದೊಳಗೆ ಬರಬೇಕು.

ಇನ್ನು ಮಾತಿನ ತರಬೇತಿ. ಬೇರೊಂದು ಊರಿನ ಕೇಂದ್ರದಲ್ಲಿ ಒಂದು ಕುಟುಂಬಕ್ಕೆ ‘ಮನೆಯಲ್ಲಿ ಕನ್ನಡವನ್ನೇ ಮಾತಾಡಿ, ಎರಡು ಭಾಷೆ ಬೆರೆಸಿದರೆ ಮಗುವಿಗೆ ಗೊಂದಲ’ ಎಂದು ಹೇಳಿ ಕಳಿಸಿದ್ದರು. ತಂದೆ ಶ್ರದ್ಧೆಯಿಂದ ಪಾಲಿಸಿದ. ಅಜ್ಜಿಗೆ ಕನ್ನಡ ಬಾರದು, ಆಕೆ ಮೊಮ್ಮಗಳೊಂದಿಗೆ ಮಾತನ್ನೇ ನಿಲ್ಲಿಸಿದಳು. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವುದು ಆಕೆಯೇ. ಅಂದರೆ ಯಂತ್ರ ಹಾಕಿಕೊಂಡ ಮಗುವಿಗೆ ಹಗಲೆಲ್ಲ ಕೇಳಲು ಮಾತೇ ಇರಲಿಲ್ಲ. ಈ ಸಲಹೆ ನನ್ನ ಮಟ್ಟಿಗೆ ಶುದ್ಧ ಅವಿವೇಕ. ಮನೆಯವರಿಗೆ ಸಲೀಸಾಗಿ ಬರುವ ಭಾಷೆಯಲ್ಲಿ ಧಾರಾಳವಾಗಿ ಮಾತಾಡಲಿ, ಜತೆಗೆ ಸನ್ನೆಯೂ ಇರಲಿ, ಶಾಲೆಯ ಕನ್ನಡ ಮೇಲಿಂದ ಬರುತ್ತದೆ.

ಮುಸ್ಲಿಂ ಕುಟುಂಬಗಳ ವಿಷಯಕ್ಕೆ ಬಂದರೆ ಪ್ರಶ್ನೆಯ ಜತೆಗೆ ಒಂದು ಉತ್ತರವೂ ಸಿದ್ಧವಾಗಿ ಬರುತ್ತದೆ: ‘ಅವರು ಸಂಬಂಧದಲ್ಲೇ ಮದುವೆಯಾಗುತ್ತಾರಲ್ಲ, ಅದಕ್ಕೇ ಮಕ್ಕಳು ಕಿವುಡು.’ ಇದನ್ನು ಹೇಳುವವರ ಮನೆಯಲ್ಲೇ ಸೋದರಮಾವನನ್ನು ಮದುವೆಯಾದ ಅತ್ತಿಗೆಯೋ ಚಿಕ್ಕಮ್ಮನೋ ಇರುತ್ತಾರೆ! ಇಸ್ಲಾಮಿನಲ್ಲಿ ಸೋದರಮಾವನೊಂದಿಗೆ ಮದುವೆ ನಿಷಿದ್ಧ. ದೊಡ್ಡಪ್ಪ, ಮಾವಂದಿರ ಮಕ್ಕಳೊಂದಿಗೆ ಆಗಬಹುದು. ರಕ್ತಸಂಬಂಧದ ಮದುವೆಯಿಂದ ಹುಟ್ಟು ಕಿವುಡು ಹೆಚ್ಚುವ ಸಾಧ್ಯತೆ ನಿಜ, ಆದರೆ ಅದಕ್ಕೆ ಧರ್ಮದ ಗುರುತಿಲ್ಲ. ಗರ್ಭಿಣಿಗೆ ತಗಲುವ ರುಬೆಲ್ಲಾ, ಹಸುಗೂಸಿನ ತೀವ್ರ ಕಾಮಾಲೆ, ಮಿದುಳು ಜ್ವರ, ಔಷಧ ಹಾಕದೆ ಬಿಟ್ಟ ಕಿವಿ ಸೋರಿಕೆ ಇವೂ ಕಾರಣಗಳೇ. 2017ರಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ವಾಟ್ಸ್‌ಆ್ಯಪ್ ವದಂತಿಗಳಿಗೆ ಉರ್ದುವಿನಲ್ಲೇ ಉತ್ತರ ಕೊಡಬೇಕಿತ್ತು. ಆ ಕೆಲಸವನ್ನು ಕನ್ನಡದ ಕರಪತ್ರ ಮಾಡಲಾರದು.

ಇಲ್ಲಿ ನನಗೆ ಬಹಳ ಸಂತೋಷ ಕೊಟ್ಟ ಸಂಗತಿಯೊಂದಿದೆ. ಕಿವುಡ ಹುಡುಗಿಯೊಬ್ಬಳ ನಿಕಾಹ್ ಸಮಯದಲ್ಲಿ ಅವಳು ಬಾಯಿಬಿಟ್ಟು ‘ಕಬೂಲ್’ (ಒಪ್ಪಿಗೆ) ಎನ್ನಲಾರಳು, ಅಣ್ಣನೇ ಹೇಳಿದರೆ ಸಾಕು ಎಂದು ಮನೆಯವರು ತೀರ್ಮಾನಿಸಿದ್ದರು. ಮೌಲಾನಾ ಸಾಹೇಬರು ಒಪ್ಪಲಿಲ್ಲ. ಮಾತು ಬಾರದವರ ಸ್ಪಷ್ಟ ಸನ್ನೆ ನಾಲಿಗೆಯ ಮಾತಿಗೆ ಸಮ ಎಂದು ಇಸ್ಲಾಮಿನ ಹನಫಿ ಪಂಥದ ಧರ್ಮಶಾಸ್ತ್ರವೇ ಹೇಳುತ್ತದೆ, ಅವಳನ್ನೇ ಕೇಳಿ ಎಂದರು. ನಮ್ಮ ತಂಡದ ಕಿವುಡ ಶಿಕ್ಷಕರ ಹೆಂಡತಿ ಒಳಗೆ ಹೋಗಿ ಸನ್ನೆಯಲ್ಲಿ ಕೇಳಿದರು. ಹುಡುಗಿ ಮೊದಲು ಮೆಹರ್ (ವರ ವಧುವಿಗೆ ಕೊಡಬೇಕಾದ ವಧುಧನ) ಎಷ್ಟು ಎಂದು ವಿಚಾರಿಸಿ, ಆಮೇಲೆ ಒಪ್ಪಿದಳು. ಹೊರಗಿನಿಂದ ಬಂದ ನಾನು ಹಕ್ಕುಗಳ ಬಗ್ಗೆ ಎಷ್ಟು ಭಾಷಣ ಮಾಡಿದ್ದರೂ ಆ ಮನೆಯಲ್ಲಿ ಇದು ಆಗುತ್ತಿರಲಿಲ್ಲ.

ಕಾಗದಪತ್ರದ ಗೋಳು ಎಲ್ಲರಿಗೂ ಇದೆ, ಹೆಚ್ಚು ಬೆಳೆಸುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 70 ಡೆಸಿಬಲ್ ಶ್ರವಣ ನಷ್ಟವಿದ್ದವರು ಕಿವುಡರು. ಅಳತೆ ಸರಿಯಿದ್ದರೂ ಆಧಾರ್‌ನಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು ರೀತಿ ಬರೆದ ಉರ್ದು ಹೆಸರಿನಿಂದ ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ವಾಪಸಾಗುತ್ತದೆ. ಹೆಸರು ತಿದ್ದಿಸಲು ಅಲೆದ ದಿನಗಳ ಕೂಲಿಯನ್ನು ಯಾವ ಯೋಜನೆಯೂ ತುಂಬಿಕೊಡುವುದಿಲ್ಲ.

‘ಹಾಗಾದರೆ ಕನ್ನಡ ಮಾತಾಡುವ ಮನೆಯ ಕಿವುಡ ಮಗು ಬಂದರೆ ಹಿಂದೆ ಕಳಿಸುತ್ತೀರಾ?’ ಇದು ಬಾಲದಂತೆ ಬರುವ ಇನ್ನೊಂದು ಪ್ರಶ್ನೆ. ಇಲ್ಲ. ನಮ್ಮ ಸನ್ನೆ ಭಾಷೆಯ ತರಗತಿಯಲ್ಲಿ ಅಂಥ ಮಕ್ಕಳೂ ಇದ್ದಾರೆ, ಅವರ ತಾಯಂದಿರೂ ಬಂದು ಕಲಿಯುತ್ತಾರೆ. ಶಿಬಿರದ ದಿನಾಂಕವನ್ನು ಮಾತ್ರ ತಾಂಡಾದವರು ಗುಳೆಯಿಂದ ಮರಳುವ ಸಮಯ ನೋಡಿಕೊಂಡು, ಶುಕ್ರವಾರದ ನಮಾಜಿನ ಹೊತ್ತು ಬಿಟ್ಟು ಇಡುತ್ತೇವೆ. ಗೋರ್‌ಬೋಲಿ ಮತ್ತು ಸನ್ನೆ ಭಾಷೆ ಎರಡೂ ಬಲ್ಲವರು ನಿಮ್ಮ ಪರಿಚಯದಲ್ಲಿದ್ದರೆ, ದೇಣಿಗೆಗಿಂತ ಮೊದಲು ಅವರನ್ನು ಕಳಿಸಿಕೊಡಿ.