ಟಾರ್ಚ್ ಬಿಟ್ಟರೂ ಪಾಪೆ ಕದಲದಿದ್ದರೆ: ಗ್ಲಾಕೋಮಾ ಡ್ರಾಪ್ಸ್ ಹಾಕುವವರಿಗೆ

ಗ್ಲಾಕೋಮಾ ಎಂದರೆ ಕಣ್ಣಿನ ನರ ಸೊರಗುವ ಕಾಯಿಲೆ. ಅದರ ಡ್ರಾಪ್ಸ್ ಯಾವುದೇ ಇರಲಿ, ಕೆಲಸ ಕಣ್ಣಿನ ಒತ್ತಡ ಇಳಿಸುವುದು. ಪಾಪೆಯ ಲೆಕ್ಕ ಮಾತ್ರ ಒಂದೊಂದಕ್ಕೆ ಒಂದೊಂದು. ಟಿಮೊಲಾಲ್, ಡಾರ್ಜೋಲಮೈಡ್, ಲ್ಯಾಟಾನೊಪ್ರೋಸ್ಟ್ ಪಾಪೆಯನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಬ್ರಿಮೋನಿಡಿನ್ ಹಾಕಿದರೆ ಕತ್ತಲಲ್ಲಿ ಪಾಪೆ ಎಂದಿನಷ್ಟು ಅಗಲವಾಗುವುದಿಲ್ಲ, ಆದರೆ ಬೆಳಕಿಗೆ ಕುಗ್ಗುತ್ತದೆ.

ಪೈಲೋಕಾರ್ಪಿನ್ ಬೇರೆಯೇ. ಪಾಪೆಯ ಸುತ್ತಲಿನ ಸ್ನಾಯುವನ್ನು ಅದು ಬಿಗಿದುಬಿಡುತ್ತದೆ. ಅರ್ಧ ಗಂಟೆಯೊಳಗೆ ಪಾಪೆ ಎರಡು ಮಿ.ಮೀ. ಆಸುಪಾಸಿಗೆ ಇಳಿದು, ನಾಲ್ಕರಿಂದ ಎಂಟು ಗಂಟೆ ಹಾಗೇ ಇರುತ್ತದೆ. ಟಾರ್ಚ್ ಬಿಟ್ಟರೆ ಇನ್ನೂ ಕುಗ್ಗಲು ಜಾಗವಿಲ್ಲ. ಆರು ಮಿ.ಮೀ. ಪಾಪೆ ಎರಡಕ್ಕೆ ಇಳಿದರೆ ಒಳಹೋಗುವ ಬೆಳಕು ಒಂಬತ್ತರಲ್ಲಿ ಒಂದು ಪಾಲು. ಜೊತೆಗೆ ಕಣ್ಣಿನ ಮಸೂರದ ನಡುವೆ ಪೊರೆ ಇದ್ದರೆ ಕಷ್ಟ ಇಮ್ಮಡಿ. ಸಿಂಧನೂರು–ಗಂಗಾವತಿ ರಸ್ತೆಯಲ್ಲಿ ಹಿಂದೆ ದೀಪವಿಲ್ಲದ ಭತ್ತದ ಟ್ರ್ಯಾಕ್ಟರ್ ಕಾಣದೇ ಹೋಗಬಹುದು. ಈ ಹನಿ ಹಾಕುವವರು ರಾತ್ರಿ ಬೈಕ್ ಓಡಿಸಲೇಬೇಡಿ.

ನಮ್ಮ ರಾಯಚೂರು ಕಡೆ ಇನ್ನೊಂದು ತೊಡಕಿದೆ. ಹತ್ತಿ, ಭತ್ತಕ್ಕೆ ಹೊಡೆಯುವ ಔಷಧಿಗಳಲ್ಲಿ ಆರ್ಗನೋಫಾಸ್ಫೇಟ್ ಜಾತಿಯವು ಮೈಗೆ ಹತ್ತಿದರೂ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಎಚ್ಚರ ತಪ್ಪಿದವರನ್ನು ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗೆ ತಂದಾಗ ಅಲ್ಲಿನವರು ಮೊದಲು ನೋಡುವವುಗಳಲ್ಲಿ ಪಾಪೆಯೂ ಒಂದು. ಪೈಲೋಕಾರ್ಪಿನ್ ಹಾಕಿದ್ದು ಗೊತ್ತಿಲ್ಲದಿದ್ದರೆ ದಾರಿ ತಪ್ಪುವ ಸಾಧ್ಯತೆ ಇದೆ. ಉಲ್ಟಾ ಕೂಡ ಅಪಾಯವೇ: ಹೊಲದಿಂದ ಬಂದವರಿಗೆ ಜೊಲ್ಲು, ವಿಪರೀತ ಬೆವರು, ಉಸಿರಾಟದ ಗೊರಗೊರ ಇದ್ದರೆ "ಡ್ರಾಪ್ಸ್‌ನಿಂದ ಪಾಪೆ ಸಣ್ಣದಾಗಿದೆ" ಎಂದು ಮನೆಯಲ್ಲಿ ಕೂರಬಾರದು. ಒಂದೇ ಕಣ್ಣಿಗೆ ಹಾಕುತ್ತಿದ್ದವರು ಬಿದ್ದು ತಲೆಗೆ ಪೆಟ್ಟಾದರೆ ಹನಿ ಹಾಕದ ಕಣ್ಣಿನ ಪಾಪೆ ದೊಡ್ಡದಾಗಿ ಕಂಡು, ಮಿದುಳಿನಲ್ಲಿ ಏನೋ ಆಗಿದೆ ಎಂಬ ಅನುಮಾನ ಬರುತ್ತದೆ. ಆದ್ದರಿಂದ ಡ್ರಾಪ್ಸ್ ಹೆಸರು, ಯಾವ ಕಣ್ಣು, ಎಷ್ಟು ಹೊತ್ತಿಗೆ ಎಂಬ ಚೀಟಿ ಮೊಬೈಲ್ ಕವರಿನಲ್ಲಿರಲಿ.

ಎಲ್ಲ ತಪ್ಪನ್ನೂ ಹನಿಯ ಮೇಲೆ ಹೊರಿಸುವಂತಿಲ್ಲ. ಟಿಮೊಲಾಲ್ ಮಾತ್ರ ಹಾಕುವವರ ಒಂದು ಪಾಪೆ ಬೆಳಕಿಗೆ ಮಂದವಾದರೆ, ಅದು ಕಣ್ಣಿನ ನರ ಸೊರಗಿದ ಗುರುತಿರಬಹುದು. ಡಾಕ್ಟರ್ ಕತ್ತಲಕೋಣೆಯಲ್ಲಿ ಟಾರ್ಚನ್ನು ಎರಡು-ಮೂರು ಸೆಕೆಂಡಿಗೊಮ್ಮೆ ಒಂದು ಕಣ್ಣಿಂದ ಇನ್ನೊಂದಕ್ಕೆ ತಿರುಗಿಸಿ ನೋಡುವುದು ಇದನ್ನೇ: ಬೆಳಕು ಬಂದರೂ ಪಾಪೆ ಅಗಲವಾದರೆ ಆ ಕಡೆಯ ನರ ಹೆಚ್ಚು ಕೆಟ್ಟಿದೆ. ಆಗ ದೂರದ ಗೋಡೆ ನೋಡುತ್ತಿರಬೇಕು. ಹತ್ತಿರದ ಟಾರ್ಚ್ ಮೇಲೆ ಕಣ್ಣು ನೆಟ್ಟರೆ ಪಾಪೆ ತಾನಾಗಿಯೇ ಕುಗ್ಗಿ ಪರೀಕ್ಷೆ ಕೆಡುತ್ತದೆ. ಒಂದು ಕಣ್ಣಿಗೆ ಮಾತ್ರ ಪೈಲೋಕಾರ್ಪಿನ್ ಇದ್ದರೂ ತೊಂದರೆಯಿಲ್ಲ. ಮಿದುಳಿನ ಆಜ್ಞೆ ಎರಡೂ ಪಾಪೆಗೆ ಒಂದೇ ಆದ್ದರಿಂದ, ಆಡುವ ಪಾಪೆಯೊಂದನ್ನೇ ನೋಡಿ ಎರಡೂ ನರ ಅಳೆಯಬಹುದು. ಎರಡೂ ಕಣ್ಣಿಗಿದ್ದರೆ, ತಪಾಸಣೆಯ ದಿನ ಬೆಳಗಿನ ಹನಿ ಹಾಕಬೇಕೋ ಬೇಡವೋ ಎಂದು ಮೊದಲೇ ಕೇಳಿಕೊಳ್ಳಿ, ನೀವಾಗಿ ಬಿಡಬೇಡಿ.

ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡು, ಪಾಪೆ ಮಧ್ಯಮ ಗಾತ್ರದಲ್ಲಿ ನಿಂತುಹೋಗಿದ್ದರೆ ಅದು ಕೋನ ಮುಚ್ಚಿದ ಗ್ಲಾಕೋಮಾ (ಕಣ್ಣೊಳಗಿನ ನೀರು ಹೊರಹೋಗುವ ಕೋನ ಮುಚ್ಚಿ ಒತ್ತಡ ಏರುವುದು) ಇರಬಹುದು. ಮನೆಯಲ್ಲಿ ಹನಿಯ ಮೇಲೆ ಹನಿ ಹಾಕಿ ಹೊತ್ತು ಕಳೆಯಬೇಡಿ. ಒತ್ತಡ ವಿಪರೀತ ಏರಿದಾಗ ಪಾಪೆಯ ಸುತ್ತಲಿನ ಸ್ನಾಯುವಿಗೆ ರಕ್ತವೇ ಸರಿಯಾಗಿ ಸಿಗದು, ಪೈಲೋಕಾರ್ಪಿನ್ ಹಾಕಿದರೂ ಅದು ಬಿಗಿಯುವುದಿಲ್ಲ. ಬೇರೆ ಔಷಧದಿಂದ ಮೊದಲು ಒತ್ತಡ ಇಳಿಸಬೇಕು, ಅದು ಆಸ್ಪತ್ರೆಯ ಕೆಲಸ, ರಾತ್ರಿಯಾಗಿದ್ದರೂ ಹೊರಡಿ.