ಎಳೆದರಷ್ಟೇ ಸಾಲದು, ಸ್ನಾಯುವನ್ನು ಎಬ್ಬಿಸಲೂಬೇಕು

ದಿನವಿಡೀ ಕೂತು ಕೆಲಸ ಮಾಡುವವರಿಗೆ ಎದ್ದ ತಕ್ಷಣ ಸೊಂಟದ ಮುಂಭಾಗ ಹಿಡಿದುಕೊಳ್ಳುವುದು ಗೊತ್ತೇ ಇರುತ್ತದೆ, ಅಲ್ವಾ? ನನಗೆ ಎಡಗಡೆ ಜಾಸ್ತಿ. ಜೊತೆಗೆ ಕೆಳಬೆನ್ನಿನ ನೋವು ಬೇರೆ.

ಫಿಸಿಯೋ ಹತ್ತಿರ ಹೋದ ದಿನ ಅವರು ಬೆನ್ನನ್ನು ಮುಟ್ಟಲೇ ಇಲ್ಲ. ಮಂಚದ ಅಂಚಿನಲ್ಲಿ ಕೂರಿಸಿ, ಬಲಮಂಡಿಯನ್ನು ಎದೆಗೆ ಅಪ್ಪಿಕೊಂಡು ಹಾಗೇ ಹಿಂದಕ್ಕೆ ಮಲಗಿ, ಎಡಗಾಲನ್ನು ಸುಮ್ನೆ ಇಳಿಬಿಡಿ ಅಂದರು. ತೊಡೆ ಮಂಚಕ್ಕೆ ತಾಗಬೇಕಿತ್ತು. ನನ್ನದು ಮೇಲೆಯೇ ನಿಂತಿತು. ಇದಕ್ಕೆ ಥಾಮಸ್ ಟೆಸ್ಟ್ ಅನ್ನುತ್ತಾರೆ. ಮಂಡಿ ನೇರ ಮಾಡಿದರೂ ತೊಡೆ ಇಳಿಯಲಿಲ್ಲ, ಹಾಗಾಗಿ ಬಿಗಿ ಇರುವುದು ಒಳಗಿನ ಸೋವಾಸ್ ಸ್ನಾಯುವಿನಲ್ಲಿ ಇರಬೇಕು ಅಂದರು. ಅದು ಕೆಳಬೆನ್ನಿನ ಮೂಳೆಗಳಿಂದ ಹೊರಟು ತೊಡೆಮೂಳೆಗೆ ಬಂದು ಸೇರುತ್ತದೆ. ಬಿಗಿಯಾದರೆ ಬೆನ್ನನ್ನೂ ಜಗ್ಗಬಹುದು.

ಆಮೇಲೆ ಎಡಗಾಲ ಮೇಲೆ ಒಂಟಿಯಾಗಿ ನಿಲ್ಲಿಸಿದರು. ಸೊಂಟದ ಬಲಭಾಗ ಕೆಳಗೆ ಜಾರಿತು! ಅದನ್ನು ಸಮವಾಗಿ ಹಿಡಿಯಬೇಕಾದ ಎಡ ಕುಂಡಿಯ ಪಕ್ಕದ ಸ್ನಾಯು ಗ್ಲೂಟ್ ಮೀಡಿಯಸ್‌ಗೆ ಬಲವೇ ಇರಲಿಲ್ಲ.

ಮೊದಲು ಎಳೆತ. ಎಡಮಂಡಿ ನೆಲಕ್ಕೆ, ಬಲಪಾದ ಮುಂದೆ. ಇಲ್ಲಿ ಎಲ್ಲರೂ ಮುಂದಕ್ಕೆ ನುಗ್ಗುತ್ತಾರೆ, ಆಗ ಬಾಗುವುದು ಬೆನ್ನು ಮಾತ್ರ. ಅವರು ಹೇಳಿದ್ದು ಬೇರೆ: ಎಡ ಕುಂಡಿ ಬಿಗಿ ಮಾಡಿ, ಸೊಂಟದ ಮುಂಭಾಗವನ್ನು ಹೊಟ್ಟೆ ಕಡೆ ಮೇಲಕ್ಕೆತ್ತಿ. ಒಂದಿಂಚೂ ಮುಂದೆ ಹೋಗದೆ ತೊಡೆಸಂದಿನಲ್ಲಿ ಎಳೆತ ಚೆನ್ನಾಗಿ ಗೊತ್ತಾಯಿತು. 30 ಸೆಕೆಂಡ್ ಹಿಡಿದರೆ ಸಾಕು.

ಬರೀ ಎಳೆದು ಬಿಟ್ಟರೆ ಸ್ವಲ್ಪ ಹೊತ್ತಿಗೇ ಮತ್ತೆ ಮೊದಲಿನಂತೆ ಬಿಗಿಯಾಗುತ್ತಿತ್ತು. ಸಡಿಲವಾದ ತಕ್ಷಣ ದುರ್ಬಲ ಸ್ನಾಯುವಿಗೆ ಕೆಲಸ ಕೊಡಬೇಕು, ನನಗೆ ಫಲ ಸಿಕ್ಕಿದ್ದು ಅಲ್ಲೇ. ಬ್ರಿಡ್ಜ್ (ಅಂಗಾತ ಮಲಗಿ, ಮಂಡಿ ಮಡಚಿ ಸೊಂಟ ಎತ್ತುವುದು) ಮಾಡುವಾಗ ತೊಡೆಯ ಹಿಂಭಾಗ ಸೆಳೆತ ಹಿಡಿಯಿತು. ಹಿಮ್ಮಡಿಯನ್ನು ಹತ್ತಿರ ತಂದು, ಹಿಮ್ಮಡಿಯಿಂದಲೇ ಒತ್ತಿ ಎದ್ದಾಗ ಭಾರ ಕುಂಡಿಗೆ ಬಂತು. ಪಕ್ಕಕ್ಕೆ ಮಲಗಿ ಕಾಲೆತ್ತುವುದು ಇನ್ನೂ ಸೂಕ್ಷ್ಮ. ಕಾಲು ಮುಂದೆ ಬಂದರೆ, ಬೆರಳು ಮೇಲೆ ತಿರುಗಿದರೆ, ತೊಡೆಯ ಮುಂಭಾಗವೇ ಕೆಲಸ ಕಸಿದುಕೊಳ್ಳುತ್ತದೆ. ಕಾಲು ತುಸು ಹಿಂದೆ, ಬೆರಳು ತುಸು ಕೆಳಗೆ ಇರಲಿ, ಕುಂಡಿಯ ಪಕ್ಕದಲ್ಲಿ ಉರಿ ಬಂದರೆ ಸರಿ. ತೊಡೆಸಂದಿನಲ್ಲಿ ಚುಚ್ಚಿದರೆ, ಕಾಲು ಜೋಮು ಹಿಡಿದರೆ ಮಾತ್ರ ನಿಲ್ಲಿಸಿ ತೋರಿಸಿಕೊಳ್ಳಿ.

ಈಗಲೂ ಎಡಗಡೆಯಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಎಷ್ಟು ಆಗುತ್ತದೋ ಬಲಕ್ಕೂ ಅಷ್ಟೇ. ಬಲಗಾಲು ಇನ್ನೂ ಮಾಡಬಲ್ಲದು, ಆದರೆ ಅದನ್ನು ಅಲ್ಲಿಗೇ ಬಿಡುತ್ತೇನೆ.